ಕುಂಬಳದ ತೊಟ್ಟು

"ಇವನ್ನೆಲ್ಲ ಬೋಳಿಸಿದ್ದು ಯಾರು?" ಉಗ್ರಾಣದ ಬಾಗಿಲಲ್ಲೇ ನಿಂತು ಅವಳು ಕಿರುಚಿದಳು. ಹಿತ್ತಿಲಲ್ಲಿ ತಾನೇ ಬೆಳೆಸಿ ಕೊಯ್ದಿಟ್ಟಿದ್ದ ಕುಂಬಳಕಾಯಿಗಳು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಒಂದಕ್ಕೂ ತೊಟ್ಟಿರಲಿಲ್ಲ.

ಟೈಲರ್ ಗಂಡ ಕತ್ತರಿ ಹಿಡಿದೇ ಬಂದ. "ನಾನೇ ಕಣೆ. ಬಟ್ಟೇಲಿ ದಾರ ಜೋತುಬಿದ್ದ ಹಾಗೆ ಕಾಣ್ತಿತ್ತು. ನೀಟಾಗಿರ್ಲಿ ಅಂತ..."

"ನಿಮ್ಮ ನೀಟಿಗಿಷ್ಟು ಬೆಂಕಿ ಹಾಕ! ತೊಟ್ಟು ಹೋದ್ರೆ ಅಲ್ಲಿಂದಲೇ ಕೊಳೆಯೋಕೆ ಶುರುವಾಗುತ್ತೆ. ಚಳಿಗಾಲ ಪೂರ್ತಿ ಇಟ್ಕೊಂಡು ತಿನ್ನೋಣ ಅಂತ ನೀರು ಹೊತ್ತೂ ಹೊತ್ತೂ ಸೊಂಟ ಬಿದ್ದೋಯ್ತು ನಂದು!" ಬುಟ್ಟಿಯಲ್ಲಿ ಕತ್ತರಿಗೆ ಸಿಗದೆ ಒಂದೇ ಒಂದು ಉಳಿದಿತ್ತು, ಎಲ್ಲಕ್ಕಿಂತ ದೊಡ್ಡದು. ಅವಳು ಅದರ ತೊಟ್ಟು ಹಿಡಿದು ಎತ್ತಿ ಅವನ ಮೂಗಿನ ಮುಂದೆ ಆಡಿಸಿದಳು. "ಕಣ್ಣುಬಿಟ್ಟು ನೋಡಿ, ತೊಟ್ಟು ಅಂದ್ರೆ ಇದು! ಕತ್ತರಿಸೋದಿರಲಿ, ಇದನ್ನ ಹಿಡ್ಕೊಂಡು ಎತ್ತಲೂಬಾರದು..."

ಲಟಕ್ಕೆಂದಿತು. ಕಾಯಿ ಬಟ್ಟೆಚೂರುಗಳ ಮೂಟೆಯ ಮೇಲೆ ಧೊಪ್ಪನೆ ಬಿತ್ತು. ತೊಟ್ಟು ಅವಳ ಮುಷ್ಟಿಯಲ್ಲೇ ಉಳಿಯಿತು.

ಗಂಡ ಕತ್ತರಿ ಕೆಳಗಿಟ್ಟು, ಬಗ್ಗಿ, ಎರಡೂ ಕೈ ಅಡಿಗೆ ಕೊಟ್ಟು, ಎಳೆಗೂಸನ್ನು ಎತ್ತುವಷ್ಟು ಜೋಪಾನವಾಗಿ ಅದನ್ನೆತ್ತಿ ಸಾಲಿನ ಕೊನೆಗೆ ಇಟ್ಟ.

ಅವಳ ಮೈಯೆಲ್ಲ ಉರಿದುಹೋಯಿತು. "ಈಗ ಬಂತೇನ್ರಿ ಬುದ್ಧಿ!"