ಬರಿಗೈಯ ಮೆಣಸಿನಕಾಯಿ

ಆ ಊರಿನಲ್ಲಿ ಒಬ್ಬರು ಉಂಡರೆ ಪಕ್ಕದವರ ನಾಲಿಗೆಗೂ ರುಚಿ ಹತ್ತುತ್ತಿತ್ತು. ಶಾಲೆಯ ಊಟದ ಸಾಲಿನಲ್ಲಿ ಸರದಿಯಂತೆ ಒಬ್ಬೊಬ್ಬರು ಮೊದಲ ತುತ್ತು ತಿನ್ನುತ್ತಿದ್ದರು, ಉಳಿದವರು ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದರು. ಮಂದಾಕಿನಿಗೆ ಮಾತ್ರ ಯಾರ ರುಚಿಯೂ ಹತ್ತುತ್ತಿರಲಿಲ್ಲ. ಗೊತ್ತಾದರೆ ಸಾಲಿನಿಂದ ಎಬ್ಬಿಸುತ್ತಾರೆಂದು ಹೆದರಿ, ತಿನ್ನುವವರ ಕೈ ನೋಡಿಕೊಂಡು ಅವಳು ರುಚಿ ಹತ್ತಿದಂತೆ ಮುಖ ಮಾಡುತ್ತಿದ್ದಳು.

ಹೊಸದಾಗಿ ಸೇರಿದ ರುಬೀನಾಳೂ ತನ್ನಂತೆ ಕಣ್ಣು ಮುಚ್ಚುವುದಿಲ್ಲ ಎಂಬುದು ಮೂರೇ ದಿನದಲ್ಲಿ ಮಂದಾಕಿನಿಗೆ ಕಂಡುಬಂತು. ನಾಲ್ಕನೆಯ ದಿನ, ಶಂಕರನ ಸರದಿಯಲ್ಲಿ, ಅವಳನ್ನು ಪರೀಕ್ಷಿಸಲೆಂದು ಮಂದಾಕಿನಿ ಧೈರ್ಯ ಮಾಡಿ ಬರಿಗೈಯನ್ನೇ ಬಾಯಿಗೆ ತಂದು ಮೆಣಸಿನಕಾಯಿ ಕಡಿದಂತೆ ನಟಿಸಿದಳು.

ಎದುರಿಗಿದ್ದ ರುಬೀನಾ "ಹಾ" ಎಂದು ಬಾಯಿಗೆ ಗಾಳಿ ಹಾಕಿಕೊಂಡಳು.

ಇಡೀ ಸಾಲು ಕಣ್ಣು ತೆರೆಯಿತು. "ಖಾರ ಎಲ್ಲೈತಿ? ನಮ್ಮ ಬಾಯಾಗ ಶಂಕ್ರ್ಯಾನ ಹೋಳಿಗಿ ಐತಿ," ಎಂದ ಬಸಲಿಂಗ. ರುಬೀನಾಳ ಮುಖ ಬಿಳಿಚಿತು.

"ನನಗೂ ಖಾರ ಹತ್ತೇತಿ, ಬಾರವ್ವಾ, ನೀರು ಕುಡಿಯೂಣು," ಎಂದು ಮಂದಾಕಿನಿ ಅವಳನ್ನು ಡಬ್ಬಿಯ ಸಮೇತ ನಳದ ಕಡೆ ಎಳೆದೊಯ್ದಳು.

"ಮೆಣಸಿನಕಾಯಿ ತಿಂದಾಕಿ ನೀನಽ ಅಲ್ಲ?" ಎಂದಳು ರುಬೀನಾ, ಸಣ್ಣ ದನಿಯಲ್ಲಿ.

ಮಂದಾಕಿನಿ ಬರಿಗೈ ಬಿಚ್ಚಿ ತೋರಿಸಿದಳು. "ನಿನ್ನಂಗ ನನಗೂ ಏನೂ ಹತ್ತಂಗಿಲ್ಲ."

"ಎಂಥಾ ಕಳ್ಳಿ ಇದ್ದೀಯವ್ವಾ ನೀ."

ನಕ್ಕೂ ನಕ್ಕೂ ಇಬ್ಬರಿಗೂ ನೀರು ಮೂಗಿಗೇರಿತು. ಕೆಮ್ಮಿ ಮತ್ತೆ ನಕ್ಕರು.

"ನಿನ್ನ ರೊಟ್ಟಿ ರುಚಿ ಹ್ಯಾಂಗಿರತೈತಿ?" ಮಂದಾಕಿನಿ ಕೇಳಿದಳು.

ರುಬೀನಾ ಯೋಚನೆಗೆ ಬಿದ್ದಳು. ಆ ಊರಿನಲ್ಲಿ ಯಾರೂ ಯಾರಿಗೂ ತುತ್ತು ಕೊಟ್ಟವರಲ್ಲ. ಕೊಡುವ ಪ್ರಸಂಗವೇ ಬಂದಿರಲಿಲ್ಲ. ಕೊನೆಗೆ ಅವಳು ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ಕೈ ಮುಂದೆ ಚಾಚಿದಳು.

"ಬಾಯಿ ತೆಗಿ."