ನೀಲಿ ಬಿರಡೆ

ಇಂಜಿನ್ನಿನ ತಲೆಯಿಂದ ಬ್ರೀದರ್ ಪೈಪನ್ನು ಕಿತ್ತೊಡನೆ ಅದರ ಬಾಯೊಳಗೆ ನೀಲಿಯದೇನೋ ಕಂಡಿತು. ಅವಳು ಸ್ಕ್ರೂಡ್ರೈವರಿನ ತುದಿಯಿಂದ ಕೆದಕಿ ಹೊರತೆಗೆದಳು. ಹೆಬ್ಬೆರಳಿನ ಗಾತ್ರದ ರಬ್ಬರ್ ಬಿರಡೆ. ದುಂಡಗೆ ಕೊಯ್ದು, ಮೇಲೆ ಟೇಪು ಸುತ್ತಿ, ಅಳತೆ ನೋಡಿ ಕೂರಿಸಿದ್ದು. ಇಂಥದ್ದನ್ನು ಇಂಜಿನ್ ತಾನಾಗಿ ಹಡೆಯುವುದಿಲ್ಲ.

ಬಾನೆಟ್ಟಿನ ಆಚೆ ಬದಿಯಲ್ಲಿ ನಟ್ಟುಗಳ ತಟ್ಟೆ ಹಿಡಿದು ನಿಂತಿದ್ದ ಗಂಡನ ಕಾಲುಗಳನ್ನು ನೋಡಿದಳು. ನೀಲಿ ರಬ್ಬರ್ ಚಪ್ಪಲಿ. ಎಡಗಾಲಿನದರ ಹಿಮ್ಮಡಿಯಲ್ಲಿ ದುಂಡನೆಯ ತೂತು.

"ನಾಯಿ ಕಚ್ಚಿತು ಅಂದಿದ್ರಲ್ಲ, ಯಾವ ನಾಯಿ ಇಷ್ಟು ದುಂಡಗೆ ಕಚ್ಚೋದು?"

ಗಂಡ ನಗಲು ನೋಡಿದ. ನಗು ಬರಲಿಲ್ಲ. "ಆ ಪೈಪು ಸೀಳಿಹೋಗಿತ್ತು ಕಣೇ. ಹೊಗೆ ವಾಸನೆ ಎಲ್ಲಾ ಒಳಗೇ ಬರ್ತಿತ್ತು. ಅಮ್ಮನ್ನ ಕರ್ಕೊಂಡು ಹೋಗುವಾಗ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡ್ಳು. ಅದಕ್ಕೆ ಮುಚ್ಚಿಬಿಟ್ಟೆ. ಇಷ್ಟೆಲ್ಲ ಆಗುತ್ತೆ ಅಂತ ನನಗೇನು ಗೊತ್ತು?"

ಗೊತ್ತಿರಲಿಲ್ಲ, ಒಪ್ಪೋಣ. ಇಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಹೊಗೆಗೆ ಹೊರಹೋಗಲು ಇರುವುದು ಅದೊಂದೇ ದಾರಿ, ಅದನ್ನು ಮುಚ್ಚಿದರೆ ಒತ್ತಡ ಏರಿ ಸಂದುಗೊಂದುಗಳಿಂದೆಲ್ಲ ಆಯಿಲ್ ಕಕ್ಕುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಬೇಕಿಲ್ಲ. ಗ್ಯಾರೇಜಿನವನ ಮಗಳಾದ ಅವಳಿಗೇ ಹೊಳೆಯಲು ಇಷ್ಟು ದಿನ ಬೇಕಾಯಿತು. ಆಯಿಲ್ ಸೀಲ್ ಬದಲಿಸಿದಳು, ಸೋರಿತು. ಇನ್ನೊಮ್ಮೆ ಬದಲಿಸಿದಳು, ಮತ್ತೆ ಸೋರಿತು. ಕೊನೆಗೆ ಇವತ್ತು ಹಟ ಹಿಡಿದು, ಪೈಪು, ವಾಲ್ವು ಎಲ್ಲವನ್ನೂ ಹೊಸದಾಗಿ ತಂದು, ಮನೆಯ ಮುಂದೆಯೇ ಬಿಚ್ಚಲು ನಿಂತಿದ್ದಳು. ಆದರೆ ಈಗ ಅವಳ ಮೈ ಉರಿಯುತ್ತಿದ್ದದ್ದು ಇಂಜಿನ್ನಿಗಾಗಿ ಅಲ್ಲ, ತಮ್ಮನಿಗಾಗಿ.

ಬಿರಡೆ ಹಾಕಿದ ವಾರದಲ್ಲೇ ತಮ್ಮ ಬಸುರಿ ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಲೆಂದು ಕಾರು ಕೇಳಿ ಒಯ್ದಿದ್ದ. ವಾಪಸು ತಂದು ನಿಲ್ಲಿಸಿದಾಗ ಕೆಳಗೆ ಆಯಿಲ್ಲಿನ ಮಡು. ಗ್ಯಾರೇಜಿನಲ್ಲೇ ಹುಟ್ಟಿ ಬೆಳೆದವನಿಗೆ ಗಾಡಿ ಓಡಿಸುವ ರೀತಿ ಗೊತ್ತಿಲ್ಲವೇ ಎಂದು ಅವಳು ಬಾಯಿಗೆ ಬಂದಂತೆ ಬೈದಿದ್ದಳು. "ಅಕ್ಕಾ, ನಾನೇನೂ ಮಾಡಿಲ್ಲ" ಎಂದದ್ದಕ್ಕೆ ಸುಳ್ಳುಗಾರ ಎಂದಿದ್ದಳು. ತಪ್ಪು ಒಪ್ಪಿಕೊಳ್ಳುವ ತನಕ ಈ ಮನೆ ಮೆಟ್ಟಿಲು ಹತ್ತಬೇಡ, ನಾನೂ ನಿನ್ನ ಮನೆಗೆ ಕಾಲಿಡುವುದಿಲ್ಲ ಎಂದಿದ್ದಳು. ಆಡಿದ ಮೇಲೆ ಮುಗಿಯಿತು, ಅವಳು ಹಿಂದೆ ಸರಿಯುವ ಪೈಕಿಯಲ್ಲ. ಅವನಿಗೆ ಹೆಣ್ಣು ಮಗು ಹುಟ್ಟಿ ಎರಡು ತಿಂಗಳಾಗಿತ್ತು. ಸೋದರತ್ತೆ ಇನ್ನೂ ಅದರ ಮುಖ ನೋಡಿರಲಿಲ್ಲ.

"ನಾನು ಅವನಿಗೆ ಬೈತಾ ಇದ್ದಾಗ ನೀವು ಎಲ್ಲಿದ್ರಿ?"

"ಇಲ್ಲೇ ಇದ್ದೆ."

"ಆಗ ಏನಂದ್ರಿ?"

ಗಂಡ ತಟ್ಟೆಯಲ್ಲಿದ್ದ ನಟ್ಟುಗಳನ್ನು ಬೆರಳಿನಿಂದ ಕಲಕತೊಡಗಿದ.

"ನಾನೇ ಹೇಳ್ತೀನಿ. 'ಹೋಗ್ಲಿ ಬಿಡು, ಇನ್ನೂ ಹುಡುಗು ಬುದ್ಧಿ, ಕ್ಷಮಿಸಿಬಿಡು' ಅಂದ್ರಿ. ಎಂಥಾ ದೊಡ್ಡ ಮನಸ್ಸಪ್ಪಾ ಇವರದು ಅಂದ್ಕೊಂಡೆ ನಾನು, ಪೆದ್ದಿ."

"ಆಗ ಬಾಯಿ ಬಿಟ್ಟಿದ್ರೆ ನೀನು ನನ್ನ ಸುಮ್ನೆ ಬಿಡ್ತಿದ್ಯಾ? ನಿನ್ನ ಸಿಟ್ಟು ನನಗೆ ಗೊತ್ತಿಲ್ವಾ?"

"ಗೊತ್ತು ಅಂತಲೇ ಅವನ ತಲೆಗೆ ಕಟ್ಟಿದ್ರಿ."

"ನಾನೆಲ್ಲಿ ಕಟ್ಟಿದೆ? ಅವನೇ ಮಾಡಿದ್ದು ಅಂತ ಹೇಳಿದೋಳು ನೀನು."

ಅದು ನಿಜ. ನಿಜವಾದ್ದರಿಂದಲೇ ಸಿಟ್ಟು ನೆತ್ತಿಗೇರಿತು. ಅವಳು ಹೊಸ ವಾಲ್ವನ್ನು ಕೂರಿಸಿದಳು, ಅದಕ್ಕೆ ಹೊಸ ಪೈಪು ತೂರಿಸಿದಳು. ಕ್ಲಿಪ್ಪಿನ ಸ್ಕ್ರೂ ತಿರುಗಿಸುವಾಗ ಗಂಡನ ಕಿವಿಯನ್ನೇ ಹಿಂಡುತ್ತಿರುವ ಹಾಗೆ ಹಿಂಡಿದಳು. ಆಮೇಲೆ, ರಬ್ಬರ್ ಹರಿದೀತೆಂದು ಅರ್ಧ ಸುತ್ತು ಸಡಿಲಿಸಿದಳು. ಎಷ್ಟೇ ಸಿಟ್ಟಿರಲಿ, ಅಪ್ಪ ಕಲಿಸಿದ್ದನ್ನು ಕೈ ಮರೆಯುವುದಿಲ್ಲ.

ಕಾರು ಸ್ಟಾರ್ಟ್ ಮಾಡಿ, ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿ ಅಂಗೈ ಹಿಡಿದಳು. ನಿನ್ನೆಯವರೆಗೆ ಬುಸ್ಸೆಂದು ಮುಖಕ್ಕೆ ಉಗುಳುತ್ತಿದ್ದ ಜಾಗ ಈಗ ಅಂಗೈಯನ್ನು ಮೆಲ್ಲಗೆ ಒಳಕ್ಕೆಳೆಯಿತು. ಕೆಳಗೆ ಬಗ್ಗಿ ನೋಡಿದಳು. ಒಂದು ಹನಿಯೂ ಇಲ್ಲ. ಇಂಜಿನ್ ಆರಿಸಿದಳು.

"ನೋಡು, ಎಲ್ಲಾ ಸರಿಹೋಯ್ತಲ್ಲ" ಎಂದ ಗಂಡ, ಪೈಪು ಹಾಕಿದ್ದು ತಾನೇ ಎಂಬಂತೆ.

"ಅವನಿಗೆ ಫೋನ್ ಮಾಡಿ. ಮಾಡಿದ್ದು ನಾನು ಅಂತ ನಿಮ್ಮ ಬಾಯಿಂದಲೇ ಹೇಳಿ."

"ನಾಳೆ ಮನೆಗೇ ಹೋಗಿ ನಿಧಾನವಾಗಿ ಹೇಳ್ತೀನಿ ಬಿಡು. ಇಂಥದ್ದೆಲ್ಲ ಫೋನಲ್ಲಿ ಚೆನ್ನಾಗಿರಲ್ಲ."

"ಈಗಲೇ ಮಾಡಿ. ಸ್ಪೀಕರ್ ಹಾಕಿ, ನನ್ನ ಕೈಯೆಲ್ಲ ಎಣ್ಣೆ."

ಗಂಡ ಫೋನನ್ನು ಅತ್ತಿತ್ತ ಹೊರಳಿಸಿದ, ಕಿಸೆಯಲ್ಲಿ ಕನ್ನಡಕ ಹುಡುಕಿದ, ಚಾರ್ಜ್ ಕಮ್ಮಿಯಿದೆ ಎಂದು ಗೊಣಗಿದ. ಅವಳು ಸ್ಕ್ರೂಡ್ರೈವರನ್ನು ಇನ್ನೂ ಕೆಳಗಿಡದ್ದನ್ನು ಕಂಡು ಕೊನೆಗೂ ನಂಬರ್ ಒತ್ತಿದ. ಮೊದಲ ರಿಂಗಿಗೇ ತಮ್ಮ ಎತ್ತಿಕೊಂಡ. ಹಿಂದೆ ಮಗು ಅಳುತ್ತಿತ್ತು. ಆ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಗಂಡ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತಮ್ಮನೇ ಮಾತು ಶುರು ಮಾಡಿದ.

"ಭಾವ, ತಪ್ಪು ಒಪ್ಕೊಂಡುಬಿಡು ಅಂತ ನೀವು ಅವತ್ತಿಂದ ಹೇಳ್ತಾನೇ ಇದ್ರಲ್ಲ, ಆಯ್ತು, ಒಪ್ಪಿದೀನಿ. ನಾನು ಮಾಡದೇ ಇದ್ರೂ ಪರವಾಗಿಲ್ಲ, ಗಾಡಿ ಹಾಳು ಮಾಡಿದ್ದು ನಾನೇ ಅಂತ ಅಕ್ಕನ ಹತ್ರ ಹೇಳಿಬಿಡ್ತೀನಿ. ಆಮೇಲಾದ್ರೂ ಮಗು ನೋಡೋಕೆ ಬರ್ತಾಳಲ್ವಾ?"