ಬೇಗ ಸವೆಯುವ ಒರಳು

ಒರಳಿನೊಳಗೆ ಕೈಯಾಡಿಸಿದ ಮುನಿಯಕ್ಕ ಬೆಚ್ಚಿದಳು. ಹದಿನೈದು ದಿನದ ಹಿಂದೆ ಇದೇ ಹಿತ್ತಿಲಲ್ಲಿ ಕೂತು ತಾನೇ ಉಳಿಯಿಂದ ಹಾಕಿದ ಮುಳ್ಳು ಒಂದೂ ಉಳಿದಿರಲಿಲ್ಲ. ಕಲ್ಲು ನುಣ್ಣಗಾಗಿತ್ತು.

"ಮತ್ತೆ ಸವೆದುಹೋಯ್ತು ಮುನಿಯಕ್ಕ," ಎಂದಳು ಮನೆಯೊಡತಿ ಸತ್ಯಭಾಮಾ, ಮುಖ ಬೇರೆ ಕಡೆ ತಿರುಗಿಸಿ. "ಏನ್ ಮಾಡೋದು, ಇನ್ನೊಂದ್ಸಲ ಹಾಕ್ಬಿಡು."

ಮಾತಿನಲ್ಲಿ ಸಿಟ್ಟಿರಲಿಲ್ಲ. ಮುನಿಯಕ್ಕನಿಗೆ ಚುಚ್ಚಿದ್ದು ಅದೇ. ಬೈದಿದ್ದರೆ ಬೈಸಿಕೊಂಡು ಹೋಗಬಹುದಿತ್ತು.

ಜಯನಗರದ ಬೀದಿಗಳಲ್ಲಿ "ಒರಳ್ಗೆ ಮುಳ್ಳಾಕ್ತೀವಮ್ಮೋ" ಎಂದು ಕೂಗುತ್ತ ತಿರುಗಿ ಅವಳಿಗೆ ಇಪ್ಪತ್ತು ವರ್ಷವಾಗಿತ್ತು. ಸವೆದ ಒರಳನ್ನು ಉಳಿ ಸುತ್ತಿಗೆಯಿಂದ ಚುಚ್ಚಿ ಒರಟು ಮಾಡಿದರೆ ಅಕ್ಕಿ, ಉದ್ದು ಹದವಾಗಿ ನುರಿಯುತ್ತವೆ. ಅತ್ತೆ ಕಲಿಸಿದ ಕಸುಬು. ಅವಳು ಕೈಯಿಟ್ಟ ಕಲ್ಲು ವರ್ಷವಿಡೀ ಒರಟಾಗಿಯೇ ಇರುತ್ತಿತ್ತು. ಈ ಮನೆಯ ಒರಳೂ ಮೊದಲು ಹಾಗೇ ಇತ್ತು. ಈ ಯುಗಾದಿ ಕಳೆದ ಮೇಲೆ ಏನಾಯಿತೋ, ಎರಡು ತಿಂಗಳಿಗೆ ಸವೆಯಿತು. ಆಮೇಲೆ ತಿಂಗಳಿಗೆ. ಈಗ ಹದಿನೈದು ದಿನಕ್ಕೆ.

ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ಎಷ್ಟು ರುಬ್ಬಿದರೂ ಇಷ್ಟು ಬೇಗ ಸವೆಯುವುದುಂಟೇ? ಮುನಿಯಕ್ಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಳಿ ಹಿಡಿದು ಕೂತಳು.

ಆವತ್ತು ಎರಡರಷ್ಟು ಹೊತ್ತು ಕೆಲಸ ಮಾಡಿದಳು. ಪ್ರತಿ ಮುಳ್ಳನ್ನೂ ಆಳವಾಗಿ ಹೊಡೆದಳು. ತೌಡು ಹಾಕಿ ತಿರುಗಿಸಿ, ಕಲ್ಲುಪುಡಿ ಹೋಗುವವರೆಗೆ ತೊಳೆದಳು. ಸತ್ಯಭಾಮಾ ಮೊರದಲ್ಲಿ ಅಕ್ಕಿ, ಬೇಳೆ ತಂದಿಟ್ಟಳು. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಕಾಯಿ ತುರಿಯುವಾಗ ತಾಗಿತಂತೆ.

"ಬ್ಯಾಡ ಅಮ್ಮಾವ್ರೇ. ಕೆಟ್ಟ ಕೆಲ್ಸಕ್ಕೆ ಕೂಲಿ ಈಸ್ಕೋಬಾರ್ದು."

"ಹಾಗನ್ಬೇಡ. ನನಗೆ ಪಾಪ ಸುತ್ಕೊಳುತ್ತೆ."

ಮುನಿಯಕ್ಕ ಸೆರಗೊಡ್ಡಿದಳು. ನಾಚಿಕೆಯಿಂದ ಅವಳ ಮುಖ ಬಿಸಿಯಾಗಿತ್ತು.

ದಾರಿಯಲ್ಲಿ ಅವಳು ಕೂಗಲೇ ಇಲ್ಲ. ಒಂದು ವರ್ಷದಿಂದ ಒಂದೊಂದೇ ಮನೆ ಅವಳನ್ನು ಕರೆಯುವುದು ಬಿಟ್ಟಿತ್ತು. "ಮಿಕ್ಸಿ ತಗೊಂಡ್ವಿ ಕಣಮ್ಮ" ಎನ್ನುತ್ತಿದ್ದರು. ಅವಳು ನಂಬಿದ್ದಳು. ಅದೆಲ್ಲ ನೆಪವಿರಬೇಕು, ತನ್ನ ಕೈ ಸೋತಿದ್ದು ಎಲ್ಲರಿಗೂ ಮೊದಲೇ ಗೊತ್ತಾಗಿತ್ತು ಎಂದು ಈಗ ಅನ್ನಿಸಿತು.

ಇಟ್ಟಮಡುವಿನ ಆಚೆ, ಬಂಡೆಗುಡ್ಡದ ಓರೆಯಲ್ಲಿ ಅವರ ಹಟ್ಟಿ. ಮೂವತ್ತು ಮನೆ, ಎಲ್ಲರದೂ ಕಲ್ಲಿನ ಕೆಲಸ. ಗಂಡ ಯಲ್ಲಯ್ಯ ಬಾಗಿಲಲ್ಲಿ ಕೂತು ಆಡಿಗೆ ಸೊಪ್ಪು ಹಾಕುತ್ತಿದ್ದ. ಅವನಿಗೆ ಅಷ್ಟೇ ಸಾಧ್ಯವಿತ್ತು. ಜಲ್ಲಿ ಒಡೆದು ಒಡೆದು ಎದೆಯಲ್ಲಿ ಕಲ್ಲುದೂಳು ತುಂಬಿಕೊಂಡಿದ್ದ. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಕೆಮ್ಮು ಬರುತ್ತಿತ್ತು.

"ಆ ಕಲ್ಲೇ ಮೆತ್ಗಿರ್ಬೇಕು," ಎಂದ, ಅವಳು ಹೇಳಿದ್ದನ್ನೆಲ್ಲ ಕೇಳಿ.

"ನಮ್ ಗುಡ್ಡದ ಕಲ್ಲೇ ಅದು. ನಂಗೊತ್ತಾಗಲ್ವಾ?"

ಕಲ್ಲು ಗಟ್ಟಿ ಎಂದಮೇಲೆ ಉಳಿದದ್ದು ಕೈ ಒಂದೇ. ಕೈ ಸೋತವಳು ಉಳಿಯನ್ನು ಮನೆಯ ಕಿರಿಯ ಹೆಂಗಸಿಗೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಮತ್ತೆ ಮುಟ್ಟಬಾರದು ಎಂಬುದು ಹಟ್ಟಿಯ ಕಟ್ಟಳೆ. ಅತ್ತೆ ಒಪ್ಪಿಸಿದಾಗ ಅವಳಿಗೆ ಅರವತ್ತಾಗಿತ್ತು. ಮುನಿಯಕ್ಕನಿಗೆ ಇನ್ನೂ ನಲವತ್ತೆರಡು.

ಉಳಿ ಬಿಟ್ಟರೆ ಆ ಗುಡ್ಡದಲ್ಲಿ ಹೆಂಗಸಿಗಿರುವುದು ಜಲ್ಲಿ ಒಡೆಯುವ ಕೆಲಸ ಮಾತ್ರ. ಸತ್ಯಭಾಮಾ ಹಿಂದೊಮ್ಮೆ ಅವಳಿಗೆ ಒಬ್ಬಟ್ಟು ಬಡಿಸುತ್ತ ಇದನ್ನೇ ಕೇಳಿದ್ದಳು.

"ಎಲ್ಲರ ಮನೇಲೂ ಮಿಕ್ಸಿ ಬಂದ್ರೆ ನೀನೇನು ಮಾಡ್ತೀಯ ಮುನಿಯಕ್ಕ?"

"ಜಲ್ಲಿಗೋಗ್ಬೇಕು ಅಮ್ಮಾವ್ರೇ. ನಮ್ಮೋರು ಹೋಗಿ ಎದೆ ಕೆಡಿಸ್ಕೊಂಡ್ರಲ್ಲ, ಅಲ್ಲಿಗೇ."

ಸತ್ಯಭಾಮಾ ಅವಳ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದ್ದಳು.

ಇನ್ನೊಂದು ಸಲ ನೋಡೋಣ ಎಂದುಕೊಂಡಳು ಮುನಿಯಕ್ಕ. ಅಷ್ಟು ಆಳಕ್ಕೆ ಹೊಡೆದದ್ದು ಆರು ತಿಂಗಳಾದರೂ ನಿಲ್ಲಲೇಬೇಕು. ನಿಂತರೆ ಕೈ ಸರಿಯಿದೆ. ಹತ್ತು ದಿನ ಅದೇ ಯೋಚನೆಯಲ್ಲಿ ಕಳೆದಳು. ಹನ್ನೊಂದನೆಯ ದಿನ ಜಯನಗರಕ್ಕೆ ನಡೆದಳು. ಅವಳು ಗೇಟು ಮುಟ್ಟುವ ಮೊದಲೇ ಸತ್ಯಭಾಮಾ ಬಾಗಿಲಿಗೆ ಬಂದಿದ್ದಳು.

"ಬಾ ಬಾ, ನಿನ್ನೇ ಕಾಯ್ತಿದ್ದೆ. ಕೆಲಸ ಇದೆ."

ಮುನಿಯಕ್ಕ ಒರಳಿಗೆ ಕೈಯಿಟ್ಟಳು. ಅಂಗೈಗೆ ಏನೂ ತಾಗಲಿಲ್ಲ.

ಅಳಲಿಲ್ಲ. ಕೂತು ಮತ್ತೆ ಮುಳ್ಳು ಹಾಕಿದಳು, ಅಕ್ಕಿ ತೆಗೆದುಕೊಂಡಳು. ಹೊರಡುವಾಗ ಸತ್ಯಭಾಮಾಳ ಕಾಲು ಮುಟ್ಟಲು ಬಗ್ಗಿದಾಗ ಅವಳು ಗಾಬರಿಯಿಂದ ಹಿಂದೆ ಸರಿದಳು.

"ಇದೇನೇ ಇದು? ಹತ್ತು ದಿನ ಬಿಟ್ಟು ಬಾ, ಆಯ್ತಾ?"

ಮುನಿಯಕ್ಕ ತಲೆಯಾಡಿಸಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಸಂಜೆ ದೀಪ ಹಚ್ಚಿ, ಉಳಿ ಸುತ್ತಿಗೆಗೆ ಕುಂಕುಮವಿಟ್ಟು, ನಾದಿನಿ ತಿಮ್ಮಕ್ಕನ ಕೈಗೆ ಒಪ್ಪಿಸಿದಳು. ತಿಮ್ಮಕ್ಕ ಅತ್ತಳು. "ಬನಶಂಕರಿ ಕಡೆ ತಿರುಗು," ಎಂದಳು ಮುನಿಯಕ್ಕ. "ಜಯನಗರಕ್ಕೆ ಮಾತ್ರ ಹೋಗ್ಬ್ಯಾಡ. ಅಲ್ಲಿ ನಮ್ ಹೆಸ್ರು ಕೆಡಿಸಿವ್ನಿ." ಯಲ್ಲಯ್ಯ ಏನೋ ಹೇಳಲು ಹೋದ. ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸೋಮವಾರ ಬೆಳಿಗ್ಗೆ ಮುನಿಯಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಲ್ಲಿರಾಶಿಯ ಮುಂದೆ ಕೂತಳು. ಮೇಸ್ತ್ರಿ ದೊಡ್ಡ ಸುತ್ತಿಗೆ ಕೊಟ್ಟ. ಮೊದಲ ಏಟಿಗೇ ಕಲ್ಲು ಒಡೆದು ಬಿಳಿ ದೂಳು ಎದ್ದಿತು. ಅವಳ ಕೈಯಲ್ಲಿ ಬಲ ಚೆನ್ನಾಗಿಯೇ ಇತ್ತು. ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಜಯನಗರದಲ್ಲಿ, ಗಂಡನನ್ನು ಬ್ಯಾಂಕಿಗೆ ಕಳಿಸಿದ ಸತ್ಯಭಾಮಾ ಹಿತ್ತಿಲಿಗೆ ಬಂದು, ಒರಳಿಗೆ ಎರಡು ಹಿಡಿ ಮರಳು ಸುರಿದು, ನೀರು ಚಿಮುಕಿಸಿ, ಗುಂಡುಕಲ್ಲನ್ನು ಎರಡೂ ಕೈಯಿಂದ ತಿರುಗಿಸತೊಡಗಿದಳು. ಮುಂದಿನ ಸಲ ಮುನಿಯಕ್ಕ ಬರುವುದರೊಳಗೆ ಅವಳಿಗೆ ಕೆಲಸ ಸಿದ್ಧವಾಗಬೇಕಿತ್ತು.